ಅಕ್ಕನ ಕಾಲು

“ತೆಗಿ ಅದನ್ನ.”

“ತೆಗೆಯಲ್ಲ.”

“ತೆಗೆಯಲ್ಲ ಅಂದ್ರೆ ನನ್ನ ಕಾಲು ಮುಟ್ಟಬೇಡ. ಎದ್ದು ನಡಿ ಆ ಕಡೆ.”

“ನಡೀತೀನಿ. ನಾನು ನಡೆದ ಮೇಲೆ ಯಾರು ಬಂದು ಪಟ್ಟಿ ಕಟ್ತಾರೋ ನೋಡೇಬಿಡೋಣ. ಮಂತ್ರಿ ಬರ್ತಾನಾ?”

“ಯಾರೂ ಬರೋದು ಬೇಡ. ನಿನ್ನ ಕುಂಡೆ ತೊಳೆದವಳು ನಾನು. ಒಂದು ದಿನ ಎರಡು ದಿನ ಅಲ್ಲ, ಅಮ್ಮ ಹಾಸಿಗೆ ಹಿಡಿದಾಗಿನಿಂದ. ಆಗ ನಾನೇನು ಕೈಗೆ ರಬ್ಬರ್ ಚೀಲ ಏರಿಸ್ಕೊಂಡು ತೊಳೆದ್ನಾ? ಬಾಯಿ ಬಿಡು, ತೊಳೆದ್ನಾ?”

ಅವನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದ, ಸಿಕ್ಕಿಬಿದ್ದ ಕಳ್ಳನ ಹಾಗೆ. ಕೈಗೆ ಬಿಗಿಯಾಗಿ ಕೂತ ಬಿಳಿ ಗ್ಲೌಸು. ಎದುರಿಗೆ ಮಂಚದ ಅಂಚಿನಲ್ಲಿ ಅಕ್ಕ. ಅವಳ ಎಡಗಾಲು ಮೋಟು ಸ್ಟೂಲಿನ ಮೇಲೆ, ನಿನ್ನೆಯ ಪಟ್ಟಿಯಲ್ಲೇ. ಪಕ್ಕದಲ್ಲಿ ಕುದಿಸಿಟ್ಟ ನೀರು ಆರುತ್ತಿತ್ತು. ಅರ್ಧ ಆಯುಷ್ಯವನ್ನು ಅವನು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಸಕ್ಕರೆ ಕಾಯಿಲೆಯವರ ಕಾಲುಗಳ ಮುಂದೆ ಹೀಗೇ ಕೂತು ಕಳೆದಿದ್ದ. ಸುತ್ತಲಿನ ಊರುಗಳ ಸಣ್ಣ ಆಸ್ಪತ್ರೆಗಳಿಗೂ ವ್ಯಾನಿನಲ್ಲಿ ಹೋಗಿ ಕಟ್ಟಿಬರುತ್ತಿದ್ದ. ಪಟ್ಟಿಯಣ್ಣ ಎಂದರೆ ಆ ಸುತ್ತಿನಲ್ಲಿ ಎಲ್ಲರಿಗೂ ಗೊತ್ತು. ಅವನ ಬಾಯಿ ಸರಿಯಿಲ್ಲ, ಕೈಗುಣ ಮಾತ್ರ ಚೆನ್ನಾಗಿದೆ ಎನ್ನುತ್ತಿದ್ದರು ಜನ. ಚಪ್ಪಲಿಯಿಲ್ಲದೆ ನಡೆದವರಿಗೆ, ಹುಣ್ಣಿಗೆ ಕಾಫಿಪುಡಿ ಮೆತ್ತಿಕೊಂಡು ಬಂದವರಿಗೆ ಅವನು ಬಾಯಿಗೆ ಬಂದದ್ದು ಬೈಯುತ್ತಿದ್ದ; ಬೈಯುತ್ತಲೇ ಅವರ ಹುಣ್ಣು ಒಣಗಿಸುತ್ತಿದ್ದ. ಆ ಕೈಗುಣದ ಮಾತು ಕಿವಿಗೆ ಬಿದ್ದಾಗಲೆಲ್ಲ ಕೇಳಿಸಲೇ ಇಲ್ಲವೆಂಬಂತೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಕೇಳಿಸಿರುತ್ತಿತ್ತು.

“ಮರಿ, ನಿನ್ನನ್ನೇ ಕೇಳ್ತಿರೋದು.” ಕೂದಲು ನರೆತ ಮೇಲೂ ಅಕ್ಕನಿಗೆ ಅವನು ಮರಿಯೇ. “ಇಷ್ಟು ದಿನ ಇಲ್ಲದ ಮಡಿ ಇವತ್ತು ಎಲ್ಲಿಂದ ಬಂತು? ನನ್ನ ಕಾಲು ಅಷ್ಟು ಹೇಸಿಗೆ ಆಯ್ತಾ ನಿನಗೆ?”

ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಅಕ್ಕ, ಹೇಸಿಗೆ ನಿನ್ನ ಕಾಲಲ್ಲಿ ಇಲ್ಲ, ನನ್ನ ಮೂಗಿನಲ್ಲಿದೆ. ಆ ಮಾತು ಗಂಟಲವರೆಗೆ ಬಂತು, ಬಂದದ್ದು ಅಲ್ಲೇ ಕೋಪವಾಗಿ ತಿರುಗಿಕೊಂಡಿತು. “ಥೂ, ನಿನ್ನ ಹಟಕ್ಕಿಷ್ಟು!” ಎಂದು ಗ್ಲೌಸನ್ನು ಕಿತ್ತು ನೀರಿನ ಪಾತ್ರೆಯ ಪಕ್ಕ ಎಸೆದ. ರಬ್ಬರು ಚಟ್ಟೆಂದಿತು. ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದ, ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿ, ಮೊನ್ನೆ ಕಲಿಸಿಕೊಟ್ಟ ಹಾಗೆಯೇ. ಕನ್ನಡಿಯಲ್ಲಿ ಮೂಗು ಕಂಡಿತು. ಒಳಹೊಳ್ಳೆಯಲ್ಲಿ ಬೆಳಿಗ್ಗೆ ಹಚ್ಚಿಕೊಂಡ ಮುಲಾಮು ಮಿರುಗುತ್ತಿತ್ತು. ಅದನ್ನು ನೋಡುತ್ತ ನಿಂತವನು ತಿರುಗಿ ಬಂದು ಅಕ್ಕನ ಪಾದವನ್ನು ಬರಿಗೈಯಲ್ಲಿ ಹಿಡಿದ. ಹಿಡಿದ ಮೇಲೆ ಅನುಮಾನ ಬಂತು. ಕನ್ನಡಿಯ ಮುಂದೆ ನಿಂತಾಗ ಮೂಗು ಮುಟ್ಟಿಕೊಂಡೆನಾ? ನೆನಪಾಗಲಿಲ್ಲ. ಯೋಚನೆಗೆ ಬಿದ್ದರೆ ಮೂಗು ತಿಕ್ಕುವ ಚಾಳಿ ಅವನದು. ಆ ಚಾಳಿ ತನಗಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಅದನ್ನು ತೋರಿಸಿಕೊಟ್ಟವಳು ಸೋಪು ಮೇಡಂ.

ಸೋಪು ಮೇಡಂ ಎನ್ನುವುದು ಅವನೇ ಇಟ್ಟ ಹೆಸರು. ಸೋಂಕು ತಡೆಯುವ ಕೆಲಸಕ್ಕೆಂದು ಮೇಲಿನ ಕಚೇರಿಯಿಂದ ಬಂದವಳು, ಅವನ ಅರ್ಧ ವಯಸ್ಸಿನವಳು, ಯಾರ ಮೇಲೂ ದನಿ ಎತ್ತದವಳು. ಮೂರು ಬೇರೆ ಬೇರೆ ಊರುಗಳ ಮೂರು ಕಾಲುಗಳಲ್ಲಿ ಒಂದೇ ಕ್ರಿಮಿ ಸಿಕ್ಕಿದೆ, ಮದ್ದಿಗೆ ಬಗ್ಗದ ಜಾತಿಯದು, ಆ ಮೂವರೂ ಒಬ್ಬರನ್ನೊಬ್ಬರು ಕಂಡವರಲ್ಲ ಎಂದು ಅವಳು ಬಂದ ವಾರವೇ ಹೇಳಿದ್ದಳು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಆದರೆ ಆ ಮೂರೂ ಊರಿಗೆ ಹೋಗುವ ವ್ಯಾನು ಒಂದೇ, ವ್ಯಾನಿನಲ್ಲಿ ಇಳಿಯುವ ಡ್ರೆಸ್ಸರೂ ಒಬ್ಬನೇ. ಆಮೇಲೆ ಎಲ್ಲರ ಕೈಗೂ ಒಂದು ಲೋಷನ್ನು ಹಚ್ಚಿಸಿ, ತೊಳೆದು ಬನ್ನಿ ಎಂದು ಕಳಿಸಿ, ಕಿಟಕಿಗೆ ಪರದೆ ಎಳೆದು, ಒಂದು ನೀಲಿ ದೀಪದಡಿ ಕೈ ಇಡಿಸಿದಳು. ತೊಳೆಯದೆ ಬಿಟ್ಟ ಜಾಗವೆಲ್ಲ ಹೊಳೆಯುತ್ತಿತ್ತು. ಕಸ ಗುಡಿಸುವವಳ ಕೈ ಕಪ್ಪಗೆ, ಶುಭ್ರವಾಗಿ ಕಂಡಿತು. ಅವನ ಕೈ ಹೆಬ್ಬೆರಳ ಸುತ್ತ, ಉಗುರ ಬುಡದಲ್ಲಿ ಮಿಣುಕುಹುಳು ಮುತ್ತಿದ ಹಾಗೆ ಮಿಣಮಿಣ ಎನ್ನುತ್ತಿತ್ತು. ಯಾರೋ ಕಿಸಕ್ಕೆಂದರು. “ಗ್ಲೌಸು ಹಾಕೋ ಕೈಗೆ ಇದೆಲ್ಲ ಯಾಕೆ ಮೇಡಂ?” ಎಂದು ಅವನು ಹಾರಾಡಿದ್ದಕ್ಕೆ ಅವಳು, “ಗ್ಲೌಸು ಎಷ್ಟು ಸಲ ಬದಲಾಯಿಸ್ತೀರಾ ಅಣ್ಣ?” ಎಂದಳು, ಊಟ ಆಯ್ತಾ ಎಂದು ಕೇಳಿದ ಹಾಗೆ. ಅವನು ರಶ್ಶಿದ್ದ ದಿನ ಗ್ಲೌಸಿನ ಮೇಲೇ ಸೋಪು ಹಾಕಿ, ನಲ್ಲಿಗೆ ಹಿಡಿದು ತೊಳೆದು, ಮುಂದಿನ ಕಾಲಿಗೆ ಹೋಗುತ್ತಿದ್ದ. ಉಳಿತಾಯ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದ. ಅದಕ್ಕೆ ಒಮ್ಮೆ ಮೆಚ್ಚುಗೆಯೂ ಸಿಕ್ಕಿತ್ತು. ಆಮೇಲೆ ಮೂಗಿಗೆ ಕಡ್ಡಿ. ಐವತ್ತು ದಾಟಿದ ಗಂಡಸು ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಹಾಕಿ ಮೂಗಿನ ಹೊಳ್ಳೆ ತೋರಿಸುವುದು. ಕಣ್ಣಲ್ಲಿ ನೀರು ಬಂತು. ಕಡ್ಡಿಗೆ ಬಂದ ನೀರು ಅದು. ನಿನ್ನೆ ಅವಳು ಅವನೊಬ್ಬನನ್ನೇ ಕರೆದು ಹೇಳಿದಳು: “ಇದೆ ಅಣ್ಣ. ನಿಮ್ಮ ಮೂಗಲ್ಲಿ ಇದೆ. ಇದು ಶಿಕ್ಷೆ ಅಲ್ಲ, ಯಾರಿಗೆ ಬೇಕಾದ್ರೂ ಇರಬಹುದು. ಮುಲಾಮು ಹಚ್ಚಿ, ಈ ಸೋಪಲ್ಲಿ ಸ್ನಾನ ಮಾಡಿ. ಮತ್ತೆ ನೋಡಿ ಇಲ್ಲ ಅಂತಾದ್ಮೇಲೆ ಗಾಯದ ಕೆಲಸ. ಮನೇಲಿ ಯಾರಿಗಾದ್ರೂ ಹುಣ್ಣು, ಗಾಯ?” ಅವನು “ಇಲ್ಲ” ಎಂದ. ಬಾಯಿ ತಾನಾಗಿ ಹೇಳಿಬಿಟ್ಟಿತು. ಹೇಳಿದ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳಲು ಬಾಯಿ ಒಪ್ಪಲಿಲ್ಲ.

ಪಟ್ಟಿಯ ಕೊನೆಯ ಸುತ್ತು ಬಿಚ್ಚುವ ಮೊದಲೇ ವಾಸನೆ ಹೇಳಿತು. ಬಾಗಿಲಲ್ಲೇ ನಿಂತು, ಒಳಗೆ ಬಂದಿರುವ ಕಾಲು ಉಳಿಯುವುದೋ ಹೋಗುವುದೋ ಎಂದು ಮೂಗಿನಿಂದಲೇ ಹೇಳಬಲ್ಲೆ ಎಂದು ಅವನು ಜಂಬ ಕೊಚ್ಚುತ್ತಿದ್ದುದುಂಟು. ಅಕ್ಕನ ಕಿರುಬೆರಳು ಬುಡದವರೆಗೆ ಬಣ್ಣ ಕಳೆದುಕೊಂಡಿತ್ತು. ಅದರ ಪಕ್ಕದ ಚರ್ಮ ಕೆಂಪಗೆ, ಬಿಗಿಯಾಗಿ, ಪಾದದ ಮೇಲಕ್ಕೆ ಹತ್ತಲು ಹೊರಟಿತ್ತು. ನಿನ್ನೆ ಹೀಗಿರಲಿಲ್ಲ. ಅಥವಾ ನಿನ್ನೆಯೂ ಹೀಗೇ ಇದ್ದು ತಾನು ನೋಡಲಿಲ್ಲವೇ? ಶುರುವಾದದ್ದು ಒಂದು ಸಣ್ಣ ಉಜ್ಜುಗಾಯ. ಹೊಲಿಗೆ ಮಿಷನ್ನಿನ ಪೆಡಲಿಗೆ ಕಿರುಬೆರಳು ತಾಗಿ ತಾಗಿ ಸಿಪ್ಪೆ ಎದ್ದಿತ್ತು. ಮರಗಟ್ಟಿದ ಪಾದಕ್ಕೆ ಅದು ಗೊತ್ತೇ ಆಗಿರಲಿಲ್ಲ. ಹೊಲಿದು ಮುಗಿಸಿದ ಅಂಗಿಯ ಮೇಲೆ ರಕ್ತದ ಕಲೆ ಕಂಡು, ಸೂಜಿ ಎಲ್ಲಿ ಚುಚ್ಚಿತು ಎಂದು ಅವಳು ತನ್ನ ಕೈಬೆರಳುಗಳನ್ನೇ ಹುಡುಕಿದ್ದಳು. ಆಸ್ಪತ್ರೆಯಿಂದ ಅವನು ತಂದುಕೊಟ್ಟ ಮೆತ್ತನೆಯ ಚಪ್ಪಲಿಯನ್ನು ಹಾಕಿಕೊಂಡು ತುಳಿ ಎಂದರೆ, ಪೆಡಲು ಗೊತ್ತಾಗಲ್ಲ ಎನ್ನುತ್ತಿದ್ದಳು. “ಬರಿಗಾಲಲ್ಲಾದರೂ ಎಲ್ಲಿ ಗೊತ್ತಾಗುತ್ತೆ ನಿನಗೆ?” ಎಂದು ಅವನು ಕೂಗುತ್ತಿದ್ದ. “ಗೊತ್ತಾಗಲ್ಲ. ಆದ್ರೆ ಅಭ್ಯಾಸ ಇದೆಯಲ್ಲ” ಎನ್ನುತ್ತಿದ್ದಳು. ಅಭ್ಯಾಸದ ಮುಂದೆ ಅವನ ಬೈಗುಳ ಸೋತು ಬರುತ್ತಿತ್ತು.

“ಇವತ್ತು ಆಸ್ಪತ್ರೆಗೆ ಹೋಗ್ಬೇಕು.”

“ನೀನಿದ್ದೀಯಲ್ಲ. ಆಸ್ಪತ್ರೆ ಯಾಕೆ?”

“ಬೆರಳು ತೆಗೀಬೇಕಾಗುತ್ತೆ ಅಕ್ಕ. ಇವತ್ತು ಬೆರಳಲ್ಲಿ ಮುಗಿಯುತ್ತೆ. ತಡ ಮಾಡಿದ್ರೆ ಪಾದ ಕೇಳುತ್ತೆ.”

“ನೀನೇ ಏನಾದ್ರೂ ಮಾಡು. ಯಾರ್ಯಾರದ್ದೋ ವಾಸಿ ಮಾಡಿದ್ದೀಯಂತೆ.”

“ನನ್ನ ಕೈಲಿ ಆಗಲ್ಲ ಅಂದ್ನಲ್ಲ!” ಎಂದು ಅವನು ಕಿರುಚಿದ. ಕಿರುಚಿದ ರಭಸಕ್ಕೆ ಪಾತ್ರೆಯ ನೀರೂ ನಡುಗಿದಂತೆ ಕಂಡಿತು. ಅಕ್ಕ ಅವನನ್ನೇ ನೋಡಿದಳು. ಅವನು ಬೈದದ್ದನ್ನು ಅವಳು ದಿನಾ ಕೇಳುತ್ತಿದ್ದಳು. ಆಗಲ್ಲ ಎಂದದ್ದನ್ನು ಕೇಳಿರಲಿಲ್ಲ. ಅವನು ಪಟ್ಟಿ ಸುತ್ತಿ ಮುಗಿಸಿದ ಮೇಲೆ ಎದ್ದು, ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿ, ಚೀಲ ಹುಡುಕಿದಳು. ಬಾಗಿಲ ಬಳಿ ನಿಂತು ತಾನಾಗಿಯೇ ಆ ಮೆತ್ತನೆ ಚಪ್ಪಲಿಗೆ ಕಾಲು ತೂರಿಸಿದಳು. ಅವನಿಗೆ ಅದನ್ನು ನೋಡಲಾಗಲಿಲ್ಲ.

ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಅವನು ಕಂಬಿ ಹಿಡಿದು ನಿಂತ. ನಿಂತವನಿಗೆ ಕಂಬಿಯೇ ಕಾಣುತ್ತಿತ್ತು, ಎಷ್ಟು ಕೈಗಳು ಹಿಡಿದು ಬಿಟ್ಟ ಕಂಬಿ, ಈಗ ತನ್ನ ಕೈ, ತನ್ನ ಮೇಲೆ ಇನ್ನೊಬ್ಬರ ಕೈ. ಹಿಂದೆ ಇದೇ ಕಂಬಿಯನ್ನು ಹಿಡಿದು ನಿದ್ದೆ ಹೊಡೆಯುತ್ತ ಹೋಗುತ್ತಿದ್ದವನು. ಚಿಕ್ಕವನಿದ್ದಾಗ ಅಕ್ಕನ ಕೈ ಹಿಡಿದೇ ಶಾಲೆಗೆ ಹೋಗುತ್ತಿದ್ದ. ಅವಳ ಅಂಗೈಯಲ್ಲಿ ಸೀಮೆಎಣ್ಣೆಯ ವಾಸನೆ ಇರುತ್ತಿತ್ತು. ಶಾಲೆಯ ಬಾಗಿಲಲ್ಲಿ ಅವನು ಕೈ ಬಿಡಿಸಿಕೊಂಡು, ಹುಡುಗರು ನೋಡಿಯಾರೆಂದು ಅವಳ ಗುರುತೇ ಇಲ್ಲದವನ ಹಾಗೆ ಒಳಗೆ ಓಡುತ್ತಿದ್ದ. ಆಸ್ಪತ್ರೆಯ ಸ್ಟಾಪು ಬರುವ ಮುಂಚೆ ಅವನು ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದ, “ಅಲ್ಲಿ ನನ್ನ ಅಕ್ಕ ಅಂತ ಹೇಳ್ಕೋಬೇಡ. ಎಲ್ಲರ ಜೊತೆ ಸಾಲಲ್ಲಿ ಕೂತ್ಕೋ. ಇಲ್ಲಾಂದ್ರೆ ತನ್ನವರನ್ನ ಮುಂದೆ ನುಗ್ಗಿಸ್ತಾನೆ ಅಂತ ಜನ ಆಡ್ಕೋತಾರೆ.”

“ಅಷ್ಟೇ ತಾನೇ? ಸರಿ ಬಿಡು” ಎಂದು ಅವಳು ನಕ್ಕಳು. “ನೀನು ಯಾರೋ ನಾನು ಯಾರೋ.”

ನಗುವಾಗ ಅವಳ ಮುಖ ಚಿಕ್ಕ ಹುಡುಗಿಯದಾಯಿತು. ಇದೊಂದು ಆಟ ಎಂದುಕೊಂಡಳೇನೋ. ಅವನಿಗೆ ಸಾಲಿನ ಚಿಂತೆ ಇರಲಿಲ್ಲ. ಸೋಪು ಮೇಡಮ್ಮಿಗೆ ಹೇಳಿದ ಆ ಒಂದು ‘ಇಲ್ಲ’ ಅವನ ಹಿಂದೆಯೇ ಬಸ್ಸು ಹತ್ತಿತ್ತು.

ಆವತ್ತು ಕಾಲಿನ ದಿನ. ಡ್ರೆಸ್ಸಿಂಗ್ ರೂಮಿನ ಹೊರಗಿನ ಉದ್ದನೆಯ ಬೆಂಚು ತುಂಬಿತ್ತು. ಒಳಗೆ ಅವನ ಜಾಗದಲ್ಲಿ ಬೇರೆ ಊರಿನಿಂದ ಕರೆಸಿದ ನರ್ಸು ಕೂತು, ಪ್ರತಿ ಕಾಲಿಗೂ ಹೊಸ ಗ್ಲೌಸು ಬಿಚ್ಚುತ್ತಿದ್ದಳು. ಡಬ್ಬ ಖಾಲಿಯಾಗುವ ಸದ್ದು ಅವನಿಗೆ ಹೊರಗೇ ಕೇಳುತ್ತಿತ್ತು. ಅವನಿಗೆ ಕೊಟ್ಟದ್ದು ವರಾಂಡದ ಮೂಲೆಯಲ್ಲಿದ್ದ ಚಪ್ಪಲಿ ಕಪಾಟು. ಸಕ್ಕರೆ ಕಾಯಿಲೆಯವರಿಗೆ ಆಸ್ಪತ್ರೆ ಕೊಡುವ ಮೆತ್ತನೆ ಚಪ್ಪಲಿಗಳನ್ನು ಅಳತೆ ನೋಡಿ ತೆಗೆದುಕೊಡುವುದು, ಕಾಲು ಮುಟ್ಟದೆ. ನೆಲದ ಮೇಲೆ ಒಂದು ರಟ್ಟು ಹಾಸಿದ್ದರು. ಅದರ ಮೇಲೆ ಜನ ಕಾಲಿಡುತ್ತಿದ್ದರು, ಅವನು ನಿಂತಲ್ಲಿಂದಲೇ ನೋಡಿ ನಂಬರು ಹೇಳುತ್ತಿದ್ದ. ನೋಡಿದರೆ ಅವನಿಗೆ ಅಳತೆ ಗೊತ್ತಾಗುತ್ತಿತ್ತು. ಆದರೂ ಕೈ ತಾನಾಗಿ ಆ ಕಾಲಿನತ್ತ ಇಳಿಯುತ್ತಿತ್ತು, ಉಗುರು ಒಳಗೆ ಬೆಳೆದಿದೆಯೇ, ಹಿಮ್ಮಡಿ ಸೀಳಿದೆಯೇ ಎಂದು. ಇಳಿದ ಕೈಯನ್ನು ಜೇಬಿಗೆ ತುರುಕಿಕೊಳ್ಳುತ್ತಿದ್ದ. ಜೇಬಿನಲ್ಲಿ ಮುಲಾಮಿನ ಟ್ಯೂಬು.

“ಏನ್ ಪಟ್ಟಿಯಣ್ಣ, ಚಪ್ಪಲಿ ಅಂಗಡಿ ಇಟ್ಟುಬಿಟ್ಯಾ? ಯಾವಾಗ ಓಪನಿಂಗು? ಕರೀಲೇ ಇಲ್ಲ!”

ಬೆಂಚಿನ ನಡುವಿನಿಂದ ಕಂಡಕ್ಟರು ಕೂಗಿದ. ಬಸ್ಸಿನ ಕೆಲಸ ಬಿಟ್ಟು ವರ್ಷಗಳಾದರೂ ಜನ ತುಂಬಿದ ಕಡೆ ಗಂಟಲು ತಾನಾಗಿ ಏರುವ ಮನುಷ್ಯ. ಆ ಮೂರು ಕಾಲುಗಳಲ್ಲಿ ಒಂದು ಅವನದು. ಬಲಗಾಲಿನ ಎರಡು ಬೆರಳು ಹೋಗಿದ್ದವು. ಹೋದ ಬೆರಳುಗಳನ್ನು ಅವನು ಮುಂದಿನ ಸ್ಟಾಪಲ್ಲಿ ಇಳಿದುಹೋದವರು ಎನ್ನುತ್ತಿದ್ದ.

“ನಿನ್ನ ನಾಲಿಗೆಗೂ ಒಂದು ಚಪ್ಪಲಿ ಕೊಡ್ತೀನಿ, ಅಳತೆ ಹೇಳು” ಎಂದ ಇವನು. ಬೆಂಚು ನಕ್ಕಿತು. ಇವನಿಗೆ ನಗು ಬರಲಿಲ್ಲ. ಕಂಡಕ್ಟರನ ಕಾಲಿಗೆ ತಾನು ಕೊನೆಯ ಸಲ ಪಟ್ಟಿ ಕಟ್ಟಿದ ದಿನ ವ್ಯಾನು ತಡವಾಗಿ ಬಂದಿತ್ತು, ಜನ ಜಾಸ್ತಿ ಇದ್ದರು, ಒಂದೇ ಜೊತೆ ಗ್ಲೌಸಿನಲ್ಲಿ ಸಾಲನ್ನೆಲ್ಲ ಮುಗಿಸಿದ್ದ. ಆವತ್ತು ಕಂಡಕ್ಟರು ಅವನ ಭುಜ ತಟ್ಟಿ, ನಿನ್ನ ಕೈ ಬಿದ್ರೆ ಸಾಕು ಕಣಯ್ಯ ಎಂದಿದ್ದ.

ಅಕ್ಕ ಬಂದು ಕೂತದ್ದು ಆ ಕಂಡಕ್ಟರನ ಪಕ್ಕದಲ್ಲೇ. ಬೆಂಚಿನಲ್ಲಿ ಉಳಿದ ಜಾಗ ಅದೊಂದೇ. ಅವಳು ಆಟದ ನಿಯಮ ಮುರಿಯದೆ ಅವನತ್ತ ನೋಡದೆ ಕೂತಳು. ಆದರೆ ತುಟಿಯ ಕೊನೆಯಲ್ಲಿ ನಗು ಇತ್ತು. ಅವನು ಕಪಾಟಿನೊಳಗೆ ತಲೆ ಹಾಕಿ ಇಲ್ಲದ ನಂಬರನ್ನು ಹುಡುಕಿದ. ರಬ್ಬರಿನ ಹೊಸ ವಾಸನೆ. ಕಂಡಕ್ಟರಿಗೆ ಪಕ್ಕದಲ್ಲಿ ಹೊಸ ಕಿವಿ ಸಿಕ್ಕರೆ ಸುಮ್ಮನಿರುವ ಜಾಯಮಾನವಲ್ಲ. ನಿಮ್ಮದು ಯಾವ ಕಾಲು, ಎಷ್ಟು ಶುಗರು, ಸೂಜಿಯೋ ಮಾತ್ರೆಯೋ, ಹೀಗೆ ಅವನ ಪ್ರಶ್ನೆಗಳು ಟಿಕೇಟಿನ ಹಾಗೆ ಹರಿಯುತ್ತಿದ್ದವು. ಅಕ್ಕ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು. ಆಮೇಲೆ ಕಂಡಕ್ಟರು ದನಿ ತಗ್ಗಿಸಿದ. ತಗ್ಗಿಸಿದ ದನಿಯೂ ವರಾಂಡದ ಆ ತುದಿಗೆ ಕೇಳುವಂಥದ್ದು.

“ಆ ಚಪ್ಪಲಿ ಕಪಾಟಿನ ಹತ್ರ ನಿಂತಿದ್ದಾನಲ್ಲ, ಒಳ್ಳೆ ಕೆಲಸಗಾರ ಅಮ್ಮ. ಬಾಯಿ ಒಂದು ಬಿಟ್ರೆ. ಅವನಿಗೆ ಕೋಪ ಮೂಗಿನ ತುದೀಲೇ ಇರುತ್ತೆ ಅಂತಿದ್ವಿ ನಾವು. ಈಗ ನೋಡಿದ್ರೆ ಮೂಗಿನೊಳಗೆ ಇನ್ನೇನೋ ಸಿಕ್ಕಿದೆಯಂತೆ, ಕ್ರಿಮಿ! ನನ್ನ ಬೆರಳು ತಿಂದಿದ್ದೂ ಅದೇ ಅಂತೆ. ಅದಕ್ಕೇ ಗಾಯ ಮುಟ್ಟಬೇಡ ಅಂತ ಹೊರಗೆ ನಿಲ್ಲಿಸಿದ್ದಾರೆ. ಕೆಲಸ ಇರುತ್ತೋ ಹೋಗುತ್ತೋ ಪಾಪ. ನಾನೇನೂ ದೂರು ಕೊಟ್ಟಿಲ್ಲಪ್ಪ. ಬೇಕು ಅಂತ ಮಾಡ್ತಾನಾ ಯಾರಾದ್ರೂ?”

ಇವನು ಕಪಾಟಿನಿಂದ ತಲೆ ಹೊರಗೆ ತೆಗೆಯಲಿಲ್ಲ. ಎರಡು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದಿದ್ದ. ನೋಡಿದರೆ ಎರಡೂ ಎಡಗಾಲಿನವು. ಹಿಂದೆ ಅಕ್ಕ ಏನಾದರೂ ಹೇಳುತ್ತಾಳೆ ಎಂದು ಕಾದ. ಕೊನೆಗೆ ಇಣುಕಿದಾಗ ಅವಳು ಅವನ ಕೈಯನ್ನು ನೋಡುತ್ತಿದ್ದಳು, ಮುಖವನ್ನಲ್ಲ. ತುಟಿಯ ಕೊನೆಯ ನಗು ಇರಲಿಲ್ಲ. ಸಿಟ್ಟೂ ಇರಲಿಲ್ಲ. ಬಟ್ಟೆ ಕತ್ತರಿಸುವ ಮುನ್ನ ಅದನ್ನು ಹಾಸಿ ನೋಡುತ್ತಾಳಲ್ಲ, ಎಲ್ಲಿ ಕತ್ತರಿ ಹಾಕಿದರೆ ಎಷ್ಟು ಉಳಿಯುತ್ತದೆ ಎಂದು, ಆ ನೋಟ. ಬೆಳಗಿನ ಗ್ಲೌಸಿನ ಜಗಳ ಅವಳಿಗೆ ಈಗ ಅರ್ಥವಾಯಿತು ಎಂದು ಅವನಿಗೂ ಅರ್ಥವಾಯಿತು. ಹೋಗಿ ಪಕ್ಕದಲ್ಲಿ ಕೂರಬೇಕೆನಿಸಿತು. ರಟ್ಟಿನ ಮೇಲೆ ಯಾರದೋ ಕಾಲು ಬಂದು ನಿಂತಿತ್ತು. “ಏಳು” ಎಂದ. “ಏಳು ನಂಬರ್. ಬಿಗಿಯಾದ್ರೆ ವಾಪಸ್ ಕೊಡಿ.”

ಡಾಕ್ಟರು ಅಕ್ಕನ ಕಾಲು ನೋಡಿ, ಇವತ್ತೇ ಸೇರಿಸಿಕೊಳ್ಳಿ, ಮಧ್ಯಾಹ್ನ ಬೆರಳು ತೆಗೆಯೋಣ, ಪಾದ ಉಳಿಸಬಹುದು ಎಂದರಂತೆ. ಕ್ರಿಮಿಯ ಪರೀಕ್ಷೆಗೆ ಕೀವು ತೆಗೆದುಕೊಂಡು, ಪಟ್ಟಿ ಮುಚ್ಚಿ ಅವಳನ್ನು ಬೆಂಚಿಗೇ ಕಳಿಸಿದರು. ಸೋಪು ಮೇಡಂ ಅವಳ ಎದುರಿಗೆ ಒಂದು ಸ್ಟೂಲು ಎಳೆದುಕೊಂಡು ಕೂತಳು. ಕಪಾಟಿನಿಂದ ನಾಲ್ಕು ಹೆಜ್ಜೆ ಕೂಡ ದೂರವಿರಲಿಲ್ಲ.

“ಮನೇಲಿ ಪಟ್ಟಿ ಯಾರು ಕಟ್ತಿದ್ರು ಅಮ್ಮ?”

“ನಾನೇ.”

“ನೀವೇನಾ? ಬೇರೆ ಯಾರೂ ಮುಟ್ಟಿಲ್ವಾ?”

“ಯಾರಿದ್ದಾರೆ ಮುಟ್ಟೋಕೆ? ಇರೋದು ನಾನೊಬ್ಬಳೇ. ನಾನೇ ತೊಳ್ಕೋತೀನಿ, ನಾನೇ ಕಟ್ಕೋತೀನಿ.”

ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅಂಗಿಗೆ ಗುಂಡಿ ಹಚ್ಚಿದಷ್ಟು ಸಲೀಸಾಗಿ ಅವಳು ಸುಳ್ಳು ಹಚ್ಚಿದಳು. ಸೋಪು ಮೇಡಂ ತಲೆಯಾಡಿಸಿ, ಅವಳ ಮಡಿಲಲ್ಲಿದ್ದ ಹಳೆಯ ಪಟ್ಟಿಯ ಪೊಟ್ಟಣವನ್ನು ನೋಡಿದಳು. ಬಿಚ್ಚಿದ ಪಟ್ಟಿಯನ್ನು ಅಕ್ಕ ಬಿಸಾಡಲು ಬಿಟ್ಟಿರಲಿಲ್ಲ, ಒಗೆದರೆ ಇನ್ನೊಂದು ಸಲ ಬರುತ್ತದೆ ಎಂದು. ಉಳಿತಾಯ ಮನೆಯ ರಕ್ತದಲ್ಲೇ ಇತ್ತು. “ಕಣ್ಣು ಹೇಗಿದೆ ಅಮ್ಮ? ಬಗ್ಗೋಕೆ ಆಗುತ್ತಾ? ಅಂಗಾಲು ಕಾಣಿಸುತ್ತಾ?”

“ಸೂಜಿಗೆ ದಾರ ಪೋಣಿಸ್ತೀನಿ ನಾನು. ಕಾಲು ಕಾಣಿಸಲ್ವಾ?”

ಸುಳ್ಳು. ದಾರ ಪೋಣಿಸುವವನೂ ಅವನೇ, ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆ, ದಿನಕ್ಕಾಗುವಷ್ಟು ಸೂಜಿಗಳನ್ನು ಸಾಲಾಗಿ ದಿಂಬಿಗೆ ಚುಚ್ಚಿಟ್ಟು ಬರುತ್ತಿದ್ದ. ಸೋಪು ಮೇಡಂ ಒತ್ತಾಯಿಸಲಿಲ್ಲ. ಪರೀಕ್ಷೆಯಲ್ಲಿ ಅದೇ ಕ್ರಿಮಿ ಸಿಕ್ಕಿ, ನೀವೇ ಕಟ್ಟಿಕೊಂಡಿದ್ದರೆ ಅದು ಬೇರೆ ದಾರಿಯಲ್ಲಿ ಬಂದಿರಬೇಕು, ನಿಮ್ಮ ಊರ ನೀರು, ಅಕ್ಕಪಕ್ಕದ ಮನೆ ಎಲ್ಲ ವಿಚಾರಿಸಬೇಕಾಗುತ್ತೆ ಎಂದಷ್ಟೇ ಹೇಳಿ ಕತ್ತೆತ್ತಿದಳು. ಅಕ್ಕನ ತಲೆಯ ಮೇಲಿಂದ ಅವಳ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಬೈಯುವ ಕಣ್ಣಲ್ಲ. ಕಾಯುವ ಕಣ್ಣು. ಅವಳಿಗೆ ಗೊತ್ತಾಗಿದೆ. ಅಥವಾ ಗೊತ್ತಾಗಿಲ್ಲ, ಸುಮ್ಮನೆ ನೋಡಿದಳು. ಅಕ್ಕನಿಗಂತೂ ಅವನನ್ನು ಉಳಿಸಿಯೇ ತೀರುವ ಹಟ. ಶಾಲೆಯ ಬಾಗಿಲಲ್ಲಿ ಕೈ ಬಿಡಿಸಿಕೊಂಡು ಓಡಿದ ಹುಡುಗನ ಬೆನ್ನ ಹಿಂದೆ ನಿಂತುಬಿಡುತ್ತಿದ್ದಳಲ್ಲ, ಹಾಗೆ. ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿದ್ದರೆ ಇನ್ನೊಂದು ಊರಿನ ಇನ್ನೊಂದು ಕಾಲು. ಅವನೊಳಗೆ ಏನೋ ಕುದಿದು ಉಕ್ಕಿತು. ಸತ್ಯ ಹೇಳುತ್ತಿದ್ದೇನೆ ಎಂದುಕೊಂಡ. ಬಂದದ್ದು ಅವನ ಮಾಮೂಲಿ ದನಿ, ಚಪ್ಪಲಿ ಹಾಕದವರಿಗೆ ಬೈಯುವ ದನಿ.

“ಸುಳ್ಳು ಹೇಳ್ತಿದ್ದಾಳೆ ಮೇಡಂ! ಇವಳು ನನ್ನ ಅಕ್ಕ. ಕಟ್ಟೋನು ನಾನು. ಬರಿಗೈಯಲ್ಲಿ. ಯಾಕೆ ಗೊತ್ತಾ? ಗ್ಲೌಸು ಹಾಕಿದ್ರೆ ಇವಳಿಗೆ ಅವಮಾನ! ಕಾಲು ಎಳ್ಕೋತಾಳೆ. ಇವತ್ತು ಬೆಳಿಗ್ಗೆ ಹಾಕ್ಕೊಂಡಿದ್ದೆ, ತೆಗಿ ತೆಗಿ ಅಂತ ರಂಪ ಮಾಡಿ ತೆಗೆಸಿದಳು. ಚಪ್ಪಲಿ ಹಾಕ್ಕೋ ಅಂದ್ರೆ ಹಾಕ್ಕೊಳಲ್ಲ, ಚಾದಲ್ಲಿ ಸಕ್ಕರೆ ಬೇಡ ಅಂದ್ರೆ ಕದ್ದು ಹಾಕ್ಕೋತಾಳೆ. ಒಂದು ಮಾತು ಕೇಳಲ್ಲ. ಕೇಳಿದ್ದಿದ್ರೆ ಬೆರಳು ಈ ಗತಿಗೆ ಬರ್ತಿತ್ತಾ? ನಾನೇನು ಮಾಡ್ಲಿ? ನೀವೇ ಹೇಳಿ, ನಾನೇನು ಮಾಡ್ಲಿ?”

ಬೆಂಚಿನವರೆಲ್ಲ ಅಕ್ಕನತ್ತ ತಿರುಗಿದರು. ಅವನ ಕೈಯಲ್ಲಿ ಇನ್ನೂ ಆ ಎರಡು ಎಡ ಚಪ್ಪಲಿಗಳಿದ್ದವು. ತಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಹೇಳಿ ಮುಗಿಸಿದ ಮೇಲೆ ಬಾಯಲ್ಲಿ ಉಳಿದ ರುಚಿ ಸತ್ಯ ಹೇಳಿದವನದಾಗಿರಲಿಲ್ಲ. ಅವಳು ಸುಳ್ಳಿನಲ್ಲಿ ಅವನನ್ನು ಮುಚ್ಚಿದ್ದಳು. ಅವನು ನಿಜವನ್ನೇ ಹೇಳಿ ಅವಳನ್ನು ಎಲ್ಲರ ಮುಂದೆ ಬಿಚ್ಚಿಟ್ಟಿದ್ದ.

ಅಕ್ಕ ನಿಧಾನಕ್ಕೆ ತಿರುಗಿದಳು. ಅವನ ಮುಖವನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು.

“ಯಾರಪ್ಪ ನೀವು?” ಎಂದಳು. “ನಂಗೆ ಗುರುತಾಗ್ಲಿಲ್ಲ.”

“ಅಕ್ಕ, ಸಾಕು ಆಟ.”

“ಗುರುತಿಲ್ಲ ಅಂದ್ನಲ್ಲ. ಯಾರನ್ನೋ ನೋಡಿ ಯಾರೋ ಅಂದ್ಕೊಂಡಿದ್ದೀರಾ.” ಸೋಪು ಮೇಡಂ ಕಡೆ ತಿರುಗಿದಳು. “ನನ್ನ ಕಾಲಿಗೆ ನಾನೇ ಕಟ್ಕೋತೀನಿ ಮೇಡಂ. ಇನ್ಮೇಲೂ.”

“ಅಮ್ಮ, ಕೂತ್ಕೊಳ್ಳಿ. ಮಧ್ಯಾಹ್ನ ಬೆರಳಿಗೆ…” ಎಂದು ಸೋಪು ಮೇಡಂ ಎದ್ದಳು. ಅಕ್ಕ ಆಗಲೇ ನಿಂತಿದ್ದಳು. ಹೊಸ ಪಟ್ಟಿಯ ದಪ್ಪಕ್ಕೆ ಎಡಗಾಲು ನೆಲಕ್ಕೆ ಸರಿಯಾಗಿ ಕೂರದೆ ಅವಳು ಒಂದು ಕಡೆಗೆ ವಾಲಿದಳು. ಅವನು ಚಪ್ಪಲಿ ಬಿಟ್ಟು ಮುಂದಕ್ಕೆ ನುಗ್ಗಿದ, ಕೈ ಚಾಚಿದ. ಚಾಚಿದ ಕೈ ಅವಳ ತೋಳಿಗೆ ತಾಗುವ ಮೊದಲು ಗಾಳಿಯಲ್ಲೇ ನಿಂತುಬಿಟ್ಟಿತು. ಕಪಾಟಿನಲ್ಲಿ ತಲೆ ಹಾಕಿದ್ದಾಗ ಮೂಗು ತಿಕ್ಕಿಕೊಂಡೆನಾ? ಅಷ್ಟೇ ಯೋಚನೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಅಕ್ಕ ಗೋಡೆ ಹಿಡಿದುಕೊಂಡು ನೆಟ್ಟಗಾದಳು, ಆ ಕೈಯನ್ನು ನೋಡಿದಳು, ಹೇಗೆ ಬಂತು, ಎಲ್ಲಿ ನಿಂತಿತು ಎಂದು. ಆಮೇಲೆ ಬಗ್ಗಿ, ಬೆಂಚಿನ ಕೆಳಗೆ ಬಿಟ್ಟಿದ್ದ ತನ್ನ ಮೆತ್ತನೆ ಚಪ್ಪಲಿಗಳನ್ನು ಜೋಡಿಸಿ, ಮೂತಿ ಹೊರಗೆ ಮಾಡಿ ಇಟ್ಟಳು. ಹಾಕಿಕೊಳ್ಳಲು ಎಂದುಕೊಂಡ. ಅವಳು ಹಾಕಿಕೊಳ್ಳಲಿಲ್ಲ. ಒಂದು ಬರಿಗಾಲು, ಒಂದು ಪಟ್ಟಿಯ ಕಾಲು, ಸಿಮೆಂಟಿನ ವರಾಂಡದುದ್ದಕ್ಕೂ ನಡೆದು ಹೋದಳು. ನೆಲ ತಣ್ಣಗಿದೆಯೋ ಬಿಸಿಯೋ, ಕಲ್ಲಿದೆಯೋ ಗಾಜಿದೆಯೋ ಆ ಕಾಲುಗಳಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿದ್ದುದು ಅವನಿಗೆ. ಅದು ಅವಳಿಗೂ ಗೊತ್ತಿತ್ತು.

“ಹೋಗಿ ಅಣ್ಣ, ಕರ್ಕೊಂಡು ಬನ್ನಿ” ಎಂದಳು ಸೋಪು ಮೇಡಂ.

“ಏ, ಓಡೋ ಮಾರಾಯ!” ಎಂದ ಕಂಡಕ್ಟರು.

ಅವನು ಓಡಲಿಲ್ಲ. ನಲ್ಲಿಯ ಹತ್ತಿರ ಹೋದ. ಕರೆದು ತರುವುದೆಂದರೆ ಕೈ ಹಿಡಿಯಬೇಕು, ಹಿಡಿಯಬೇಕೆಂದರೆ ತೊಳೆಯಬೇಕು. ಸೋಪು ಹಾಕಿ ಅಂಗೈ ತಿಕ್ಕಿದ, ಮುಂಗೈ ತಿಕ್ಕಿದ, ಬೆರಳ ಸಂದಿ, ಹೆಬ್ಬೆರಳ ಸುತ್ತ, ಉಗುರ ಬುಡ. ಯಾರೋ ಹಿಂದಿನಿಂದ ಕೂಗುತ್ತಿದ್ದರು. ನೀಲಿ ದೀಪದಡಿ ಈಗ ಇಟ್ಟರೆ ಈ ಕೈಯಲ್ಲಿ ಒಂದು ಚುಕ್ಕೆಯೂ ಹೊಳೆಯುವುದಿಲ್ಲ ಎನ್ನಿಸಿತು. ಮೊಣಕೈಯಿಂದ ನಲ್ಲಿ ನಿಲ್ಲಿಸಿ, ತೊಟ್ಟಿಕ್ಕುವ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ಗೇಟಿಗೆ ಬಂದಾಗ ರಸ್ತೆಯಲ್ಲಿ ಬಸ್ಸೊಂದು ತಿರುವು ದಾಟುತ್ತಿತ್ತು. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಕೈ ಒಣಗುವವರೆಗೂ ಅಲ್ಲೇ ನಿಂತಿದ್ದ.

ಮನೆಗೆ ಹೋಗಿರುತ್ತಾಳೆ ಎಂದುಕೊಂಡ. ಮನೆಗೆ ಹೋಗಿರಲಿಲ್ಲ. ಮಿಷನ್ನಿನ ಮೇಲೆ ಮುಚ್ಚಿದ ಬಟ್ಟೆ ಮುಚ್ಚಿದಂತೆಯೇ ಇತ್ತು, ಗ್ಲೌಸುಗಳು ಎಸೆದಲ್ಲೇ ಬಿದ್ದಿದ್ದವು. ಸೋಪು ಮೇಡಂ ಸುತ್ತಲಿನ ಎಲ್ಲ ಆಸ್ಪತ್ರೆಗಳಿಗೂ ಫೋನು ಮಾಡಿ, ಎಡಗಾಲಿಗೆ ಪಟ್ಟಿ ಇರುವ ಹೆಂಗಸು ಬಂದರೆ ತಿಳಿಸಿ ಎಂದಳು. ಎಲ್ಲಿಂದಲೂ ಸುದ್ದಿ ಬರಲಿಲ್ಲ. ಕೆಲವು ವಾರಗಳಲ್ಲಿ ಅವನ ಮೂಗು ಶುದ್ಧವಾಯಿತು. ಅವನನ್ನು ಮತ್ತೆ ಒಳಗೆ ಕೂರಿಸಿದರು. ಪ್ರತಿ ಕಾಲಿಗೂ ಹೊಸ ಗ್ಲೌಸು ಬಿಚ್ಚುತ್ತಿದ್ದ, ಬೈಯುವುದನ್ನು ಮರೆತವನಂತೆ.

ಅಕ್ಕ ಹೊರಟುಹೋದ ದಿನ ಸಂಜೆ, ವರಾಂಡ ಖಾಲಿಯಾದ ಮೇಲೆ, ಬೆಂಚಿನ ಕೆಳಗಿನ ಚಪ್ಪಲಿಗಳನ್ನು ಎತ್ತಿ ಕಪಾಟು ತೆರೆದಿದ್ದ. ಹೊರಡುತ್ತಿದ್ದ ಸೋಪು ಮೇಡಂ ಅದನ್ನು ನೋಡಿ, “ಅಣ್ಣ, ಒಬ್ಬರು ಹಾಕಿದ್ದನ್ನ ಕಪಾಟಿಗೆ ವಾಪಸ್ ಇಡೋ ಹಾಗಿಲ್ಲ” ಎಂದು ಮೆತ್ತಗೆ ಹೇಳಿದಳು. ಅವನು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮತ್ತೆ ಬೆಂಚಿನ ಕೆಳಗೇ ಇಟ್ಟ, ಅವಳು ಇಟ್ಟಿದ್ದ ಹಾಗೆ ಮೂತಿ ಹೊರಗೆ ಮಾಡಿ. ಕಾಲಿನ ದಿನ ಬಂದವರು ಯಾರದಿದು ಎಂದು ಕೇಳುತ್ತಿದ್ದರು. ಸರಿಸಬೇಡಿ, ಒಬ್ಬರು ಬರಬೇಕು ಎನ್ನುತ್ತಿದ್ದ. ಯಾರೂ ಬರಲಿಲ್ಲ.